ಪ್ರಶ್ನೆ ನಿಮ್ಮ ಪತ್ರದಲ್ಲೇ ಇದೆ: ಸಂಶೋಧನೆಯ ವಿಷಯವನ್ನು ಕಿರಿದು ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ನಾಲ್ಕು ತಿಂಗಳಲ್ಲಿ 60 ಪುಟದ ಸಂಶೋಧನಾ ಪ್ರಬಂಧ ಕೊಡಬೇಕು. ಮೊದಲು ‘ಮಂಡ್ಯ ಜಿಲ್ಲೆಯ ರೈತರ ಸಮಸ್ಯೆಗಳು’ ಎಂದು ಬರೆದುಕೊಟ್ಟೆ. ‘ತುಂಬಾ ದೊಡ್ಡದಾಯಿತು, ಕಿರಿದು ಮಾಡಿಕೊಂಡು ಬನ್ನಿ’ ಎಂದರು ಗೈಡ್. ಎರಡನೇ ಸಲ ‘ನಮ್ಮೂರಿನ ಆಲೆಮನೆಗಳು’ ಎಂದು ಕೊಟ್ಟೆ. ‘ಇದರಲ್ಲಿ ಏನನ್ನು ಹುಡುಕುತ್ತೀರಿ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಮಗೆ ಒಂದೂವರೆ ಎಕರೆ ಗದ್ದೆ ಇದೆ. ಹೋದ ವರ್ಷ ಅಪ್ಪ ಅರ್ಧ ಕಬ್ಬನ್ನು ಫ್ಯಾಕ್ಟರಿಗೆ ಹಾಕಿ ಇನ್ನರ್ಧವನ್ನು ಆಲೆಮನೆಗೆ ಕೊಟ್ಟರು, ಹಾಗಾಗಿ ಈ ವಿಷಯ ಹತ್ತಿರ ಅನ್ನಿಸಿತು. ಆದರೆ ದಾಖಲೆ ಅಂತ ಮನೆಯಲ್ಲಿ ಏನೂ ಇಲ್ಲ. ಅಪ್ಪ ತಂತಿಗೆ ಚುಚ್ಚಿಟ್ಟಿರುವ ಹಳೇ ತೂಕದ ಚೀಟಿಗಳಿವೆ, ಅಷ್ಟೇ. ಎಷ್ಟು ಕಿರಿದು ಮಾಡಿದರೆ ಸಾಕು? ಎಲ್ಲಿ ನಿಲ್ಲಿಸಬೇಕು?

ಉತ್ತರ: ನಿಮ್ಮ ಗೈಡ್ ಎರಡು ಸಲ ಎರಡು ಬೇರೆ ಮಾತು ಹೇಳಿದ್ದಾರೆ. ನೀವು ಎರಡನ್ನೂ ಒಂದೇ ಎಂದುಕೊಂಡಿದ್ದೀರಿ. ಮೊದಲ ಸಲ ಅವರು ಹೇಳಿದ್ದು ಅಳತೆಯ ಮಾತು. ಎರಡನೇ ಸಲ ಅಳತೆ ಸರಿಯಾಗಿಯೇ ಇತ್ತು, ಅದರೊಳಗೆ ಪ್ರಶ್ನೆ ಇರಲಿಲ್ಲ. ‘ನಮ್ಮೂರಿನ ಆಲೆಮನೆಗಳು’ ಎಂದರೆ ಒಂದು ಜಾಗದ ಹೆಸರು. ಆ ಜಾಗದಲ್ಲಿ ನಿಂತು ನಿಮಗೆ ಏನು ತಿಳಿಯಬೇಕಿದೆ ಎನ್ನುವುದು ಅದರಲ್ಲಿಲ್ಲ. ವಿಷಯ ಬೇರೆ, ಪ್ರಶ್ನೆ ಬೇರೆ. ಮೂವತ್ತು ವರ್ಷ ಮೈಸೂರಿನಲ್ಲಿ ಪಾಠ ಮಾಡಿದ್ದೇನೆ. ವಿಷಯ ಕಿರಿದಾಗದೆ ಕಷ್ಟಪಟ್ಟ ಮಕ್ಕಳಿಗಿಂತ, ವಿಷಯ ಕಿರಿದಾದ ಮೇಲೂ ಪ್ರಶ್ನೆ ಸಿಗದೆ ಕಷ್ಟಪಟ್ಟವರೇ ಜಾಸ್ತಿ.

ನಿಮಗೆ ಪ್ರಶ್ನೆ ಸಿಕ್ಕಿದೆ. ನೀವು ಅದನ್ನು ಗಮನಿಸಿಲ್ಲ ಅಷ್ಟೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ದೊಡ್ಡ ವಿಷಯ ಯಾಕೆ ದೊಡ್ಡದು ಅಂತ ನೋಡೋಣ.

‘ಮಂಡ್ಯ ಜಿಲ್ಲೆ’ ಎಂದು ಬರೆದಿರಿ. ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ. ಶ್ರೀರಂಗಪಟ್ಟಣದ ಕಡೆ ಒಡೆಯರ ಕಾಲದ ಹಳೆಯ ನಾಲೆಗಳಿವೆ, ಮುನ್ನೂರು ವರ್ಷದಿಂದ ನೀರು ಕಂಡ ನೆಲ ಅದು. ನಿಮ್ಮ ಮದ್ದೂರಿನ ಗದ್ದೆಗಳಿಗೆ ನೀರು ಬಂದದ್ದು ಕನ್ನಂಬಾಡಿ ಕಟ್ಟೆ ಆದ ಮೇಲೆ. ಆ ನೀರು ತಂದ ನಾಲೆಗೆ ಆಗ ಇರ್ವಿನ್ ನಾಲೆ ಎಂದು ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. ನಾಗಮಂಗಲದ ಬಹಳಷ್ಟು ಕಡೆ ಇವತ್ತಿಗೂ ರಾಗಿ, ಹುರುಳಿ, ತೆಂಗು. ಈ ಮೂರೂ ಕಡೆಯ ರೈತರನ್ನು ಒಂದೇ ಹಗ್ಗದಲ್ಲಿ ಕಟ್ಟಿದರೆ ಏನು ಹೇಳಲು ಸಾಧ್ಯ?

‘ರೈತರು’ ಎಂದಿರಿ. ಪಹಣಿಯಲ್ಲಿ ಹೆಸರಿರುವವರೋ, ಬೆಳೆಯಲ್ಲಿ ಪಾಲು ಕೊಟ್ಟು ಬೇರೆಯವರ ಜಮೀನನ್ನು ವಾರಕ್ಕೆ ಮಾಡುವವರೋ, ಕಳೆ ಕೀಳಲು ಕೂಲಿಗೆ ಬರುವ ಹೆಂಗಸರೋ? ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದು, ಮೂರು ಮಂದಿ ಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿರುವ ಮನೆಗಳು ನಿಮ್ಮೂರಲ್ಲೂ ಇರುತ್ತವೆ, ಅಲ್ವಾ? ಅವರನ್ನು ಒಬ್ಬ ರೈತ ಎಂದು ಎಣಿಸುತ್ತೀರೋ, ಮೂವರು ಎಂದೋ?

ಇನ್ನು ‘ಸಮಸ್ಯೆಗಳು’. ನನಗೆ ತುಂಬಾ ಭಯ ಹುಟ್ಟಿಸುವ ಪದ ಇದು. ಈ ಪದ ಹಾಕಿದ ಕ್ಷಣವೇ ನೀವು ಉತ್ತರ ಬರೆದು ಮುಗಿಸಿದ ಹಾಗೆ. ರೈತರಿಗೆ ಸಮಸ್ಯೆ ಇದೆ ಎಂದು ತೀರ್ಮಾನ ಮಾಡಿಕೊಂಡೇ ಹೊರಡುತ್ತೀರಿ. ಪ್ರಶ್ನಾವಳಿಯಲ್ಲಿ ‘ನಿಮಗೆ ನೀರಿನ ಸಮಸ್ಯೆ ಇದೆಯೇ? ಸಾಲದ ಸಮಸ್ಯೆ ಇದೆಯೇ? ಬೆಲೆಯ ಸಮಸ್ಯೆ ಇದೆಯೇ?’ ಎಂದು ಕೇಳುತ್ತೀರಿ. ಎಲ್ಲರೂ ಹೌದು ಎನ್ನುತ್ತಾರೆ. ಕೊನೆಯ ಅಧ್ಯಾಯದಲ್ಲಿ ನೀರು, ಸಾಲ, ಬೆಲೆ ಎಂದು ಮೂರು ಸಮಸ್ಯೆ ಬರೆದು, ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು ಮುಗಿಸುತ್ತೀರಿ. ನಾಲ್ಕು ತಿಂಗಳು ಓಡಾಡಿ, ಹೊರಡುವ ಮೊದಲು ಗೊತ್ತಿದ್ದದ್ದನ್ನೇ ಬರೆದ ಹಾಗಾಯಿತು. ಇಂಥ ಪ್ರಬಂಧಗಳನ್ನು ನಾನು ಎಷ್ಟೋ ಓದಿದ್ದೇನೆ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬರೆದ ಮಕ್ಕಳು ಸೋಮಾರಿಗಳಲ್ಲ. ಬಿಸಿಲಲ್ಲಿ ಹಳ್ಳಿ ಸುತ್ತಿರುತ್ತಾರೆ. ಆ ಶ್ರಮಕ್ಕೆ ತಕ್ಕ ಪ್ರಶ್ನೆಯನ್ನು ಯಾರೂ ಅವರ ಕೈಗೆ ಕೊಟ್ಟಿರುವುದಿಲ್ಲ.

ವಿಷಯ ಕಿರಿದಾದರೆ ಸಂಶೋಧನೆಯೇ ಸಣ್ಣದಾಗಿಬಿಡುತ್ತದೆ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ನಿಮ್ಮ ‘ಎಲ್ಲಿ ನಿಲ್ಲಿಸಬೇಕು’ ಎಂಬ ಮಾತಿನಲ್ಲೂ ಅದು ಕಾಣುತ್ತದೆ. ಈ ಅಳುಕು ಹೋಗಲು ನಿಮ್ಮ ಜಿಲ್ಲೆಯಲ್ಲೇ ನಡೆದ ಕೆಲಸವೊಂದನ್ನು ನೆನಪಿಸುತ್ತೇನೆ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ‘ನೀರಾವರಿಯಿಂದ ಹಳ್ಳಿಯ ಬದುಕು ಹೇಗೆ ಬದಲಾಯಿತು?’ ಇದು ದೊಡ್ಡ ಪ್ರಶ್ನೆ. ಒಂದು ಜೀವಮಾನ ಸಾಲದಷ್ಟು ದೊಡ್ಡದು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಇದೇ ಪ್ರಶ್ನೆ ಹಿಡಿದು 1954ರಲ್ಲಿ ಮಂಡ್ಯಕ್ಕೆ ಬಂದರು. ಆಕೆ ಜಿಲ್ಲೆಯನ್ನೆಲ್ಲ ಸುತ್ತಲು ಹೋಗಲಿಲ್ಲ. ಎರಡೇ ಎರಡು ಹಳ್ಳಿ ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದ ಕಾರಣ ಅದರ ಹೊಲಗಳಿಗೆ ನೀರು ಹತ್ತಲಿಲ್ಲ, ಸುತ್ತಲಿನ ಊರುಗಳೆಲ್ಲ ಹಸಿರಾದರೂ ಅದು ಒಣ ಊರಾಗಿಯೇ ಉಳಿಯಿತು. ನೀರಾವರಿ ಹಳ್ಳಿಗೆ ವಾಂಗಲ, ಒಣ ಹಳ್ಳಿಗೆ ದಲೇನ ಎಂದು ಮರೆಹೆಸರು ಕೊಟ್ಟು ಬರೆದರು.

ಆಕೆಗೆ ಸಿಕ್ಕ ಉತ್ತರ ಯಾರೂ ಊಹಿಸುವಂಥದ್ದಲ್ಲ. ನೀರು ಬಂದ ಊರೇ ಜಾಸ್ತಿ ಬದಲಾಗಿರಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಲ್ಲಿ ದುಡ್ಡು ಬಂತು ನಿಜ. ಆದರೆ ಜನ ಬೇಸಾಯದಲ್ಲೇ ಉಳಿದರು. ಒಡೆಯ ಮತ್ತು ಆಳುಮಕ್ಕಳ ನಡುವಿನ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೇ ನಿಂತವು. ನೀರು ಬಾರದ ಊರಿನವರು ಮಾತ್ರ ಹೊರಗೆ ಹೋದರು. ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಸುತ್ತಲಿನ ನೀರಾವರಿ ಊರುಗಳಿಗೆ ಬೇಕಾದ ಕೆಲಸಗಳನ್ನು ಮಾಡಿಕೊಟ್ಟರು. ಊರೊಳಗಿನ ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲೇ. ಇಡೀ ಜಿಲ್ಲೆಯ ಅಂಕಿಅಂಶ ಕೂಡಿ ಕಳೆದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ಸಿಕ್ಕಿತು. ಕಿರಿದು ಮಾಡಿದ್ದು ಜಾಗವನ್ನು. ಪ್ರಶ್ನೆ ದೊಡ್ಡದಾಗಿಯೇ ಉಳಿಯಿತು.

ಇನ್ನೂ ಕಿರಿದು ಬೇಕೆಂದರೆ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವರು. 1948ರಲ್ಲಿ ಮೈಸೂರು ಸೀಮೆಯ ಒಂದೇ ಹಳ್ಳಿಗೆ ಹೋಗಿ ಕೂತರು. ಅದಕ್ಕೆ ‘ರಾಮಪುರ’ ಎಂದು ಮರೆಹೆಸರು ಕೊಟ್ಟರು. ಹಳ್ಳಿಯಲ್ಲಿ ನಿಜವಾಗಿ ಮಾತು ನಡೆಯುವುದು ಯಾರದ್ದು, ಅದಕ್ಕೆ ಕಾರಣ ಜಾತಿಯ ಮೇಲುಕೀಳೋ, ಭೂಮಿಯೋ, ಸಂಖ್ಯೆಯೋ ಎಂಬುದನ್ನು ಅಲ್ಲಿ ಕೂತು ಗಮನಿಸಿದರು. ‘ಪ್ರಬಲ ಜಾತಿ’ ಎಂಬ ಮಾತನ್ನು ನೀವು ಮೊದಲ ಸೆಮಿಸ್ಟರ್‌ನಲ್ಲೇ ಓದಿರುತ್ತೀರಿ. ಅದು ಬೆಳೆದದ್ದು ಈ ಒಂದು ಊರಿನ ಜಗಲಿಗಳ ಮೇಲೆ.

ಈಗ ನಿಮ್ಮ ಆಲೆಮನೆಗೆ ಬರೋಣ.

ನಿಮ್ಮ ಪತ್ರದಲ್ಲಿ ಒಂದು ಸಾಲಿದೆ. ‘ಹೋದ ವರ್ಷ ಅಪ್ಪ ಅರ್ಧ ಕಬ್ಬನ್ನು ಫ್ಯಾಕ್ಟರಿಗೆ ಹಾಕಿ ಇನ್ನರ್ಧವನ್ನು ಆಲೆಮನೆಗೆ ಕೊಟ್ಟರು.’ ಈ ವಿಷಯ ನಿಮಗೆ ಯಾಕೆ ಹತ್ತಿರ ಎಂದು ಹೇಳುವುದಕ್ಕೆ ಮಾತ್ರ ನೀವು ಇದನ್ನು ಬರೆದಿರಿ. ನಾನು ಆ ಸಾಲನ್ನು ಮೂರು ಸಲ ಓದಿದೆ. ಅರ್ಧ ಯಾಕೆ? ಪೂರ್ತಿ ಫ್ಯಾಕ್ಟರಿಗೆ ಯಾಕೆ ಹಾಕಲಿಲ್ಲ? ಪೂರ್ತಿ ಆಲೆಮನೆಗೆ ಯಾಕೆ ಕೊಡಲಿಲ್ಲ? ಯಾವ ಅರ್ಧ ಎಲ್ಲಿಗೆ ಹೋಯಿತು, ಹೊಸದಾಗಿ ನೆಟ್ಟ ತನಿ ಕಬ್ಬೋ, ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆಯೋ? ಅದನ್ನು ನಿಮ್ಮ ಅಪ್ಪ ಒಬ್ಬರೇ ತೀರ್ಮಾನ ಮಾಡಿದರೋ, ಅಮ್ಮನ ಮಾತೂ ಇತ್ತೋ? ಆ ದುಡ್ಡು ಯಾವ ಖರ್ಚಿಗೆ ಬೇಕಾಗಿತ್ತು? ನಿಮ್ಮ ಹಾಸ್ಟೆಲ್ ಫೀಸಿಗೇ ಆಗಿದ್ದರೂ ಇರಬಹುದು.

ನಿಮ್ಮ ಗೈಡ್ ‘ಏನನ್ನು ಹುಡುಕುತ್ತೀರಿ?’ ಎಂದು ಕೇಳಿದ್ದಕ್ಕೆ ಉತ್ತರ ಇದು. ಕಣ್ಣೆದುರಿಗೇ ನಡೆಯುವ ಒಂದು ಸಂಗತಿ, ಆದರೆ ಯಾಕೆ ಹಾಗೆ ನಡೆಯುತ್ತದೆ ಎಂದು ನಮಗೆ ಸರಿಯಾಗಿ ಗೊತ್ತಿಲ್ಲ. ಸಂಶೋಧನೆ ಅಲ್ಲಿಂದ ಹೊರಡಬೇಕು.

ಇದು ಯಾಕೆ ಗಟ್ಟಿ ಪ್ರಶ್ನೆ ಎಂದರೆ, ಎರಡು ದಾರಿಗಳ ಲೆಕ್ಕವೇ ಬೇರೆ ಬೇರೆ. ಫ್ಯಾಕ್ಟರಿಗೆ ಕಬ್ಬು ಹಾಕುವವರು ಮೊದಲೇ ಒಪ್ಪಿಗೆ ಮಾಡಿಕೊಂಡಿರುತ್ತಾರೆ. ಬೆಲೆಗೆ ಒಂದು ಕಾನೂನಿನ ತಳಪಾಯ ಇದೆ. 2009ರಿಂದ ಕೇಂದ್ರ ಸರ್ಕಾರ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಎಂದು ಕಬ್ಬಿಗೆ ಬೆಲೆ ಗೊತ್ತು ಮಾಡುತ್ತದೆ. ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯುತ್ತದೆ ಎಂಬುದರ ಮೇಲೆ ಆ ಬೆಲೆ ಏರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಇದು ಭದ್ರವಾದ ದಾರಿ. ಆದರೆ ಕಟಾವಿನ ಆದೇಶ ಬರುವ ತನಕ ಕಾಯಬೇಕು. ಕಾಯುತ್ತಾ ಕಾಯುತ್ತಾ ಕಬ್ಬು ಹೂ ಬಿಟ್ಟರೆ ತೂಕ ಇಳಿಯುತ್ತದೆ.

ಆಲೆಮನೆಯಲ್ಲಿ ಎಫ್‌ಆರ್‌ಪಿ ಇಲ್ಲ. ಬೆಲ್ಲದ ಧಾರಣೆ ಬಿದ್ದರೆ ಕಬ್ಬಿನ ಬೆಲೆಯೂ ಬಿತ್ತು. ಆದರೆ ಮಾತು ಮುಖಾಮುಖಿ ನಡೆಯುತ್ತದೆ. ಆಲೆಮನೆಯವರು ಪರಿಚಿತರು, ಕೆಲವೊಮ್ಮೆ ನೆಂಟರು. ಮಗಳ ಮದುವೆಗೆ ಮುಂಗಡ ಕೇಳಬಹುದು. ಮಳೆ ಹಿಡಿದುಕೊಂಡರೆ ಮಾತ್ರ ಅಲ್ಲೂ ಕೆಲಸ ನಿಲ್ಲುತ್ತದೆ, ಕಬ್ಬಿನ ಸಿಪ್ಪೆ ಒಣಗದಿದ್ದರೆ ಒಲೆ ಉರಿಯುವುದಿಲ್ಲ, ಕೊಪ್ಪರಿಗೆ ಕಾಯುವುದಿಲ್ಲ.

ಅರ್ಥಶಾಸ್ತ್ರದವರು ಇದನ್ನು ಬೆಲೆಯ ಲೆಕ್ಕವಾಗಿ ನೋಡುತ್ತಾರೆ. ನೀವು ಸಮಾಜಶಾಸ್ತ್ರದವರು. ನಿಮ್ಮ ಪಾಲಿಗೆ ಇದು ನಂಬಿಕೆಯ, ನೆಂಟಸ್ತಿಕೆಯ, ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎನ್ನುವುದರ ಪ್ರಶ್ನೆ. ‘ಯಾವ ಕಣ್ಣಿನಿಂದ ನೋಡುತ್ತೇನೆ’ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಈ ಒಂದು ಸಾಲು ವಿಷಯವನ್ನು ಅರ್ಧಕ್ಕರ್ಧ ಕಿರಿದು ಮಾಡುತ್ತದೆ. ಬೆಲ್ಲಕ್ಕೆ ಹಾಕುವ ರಾಸಾಯನಿಕ, ಫ್ಯಾಕ್ಟರಿಯ ಆಡಳಿತ, ಕಾವೇರಿ ನೀರಿನ ಜಗಳ ಇವೆಲ್ಲ ಮುಖ್ಯವಾದವೇ. ಆದರೆ ನಿಮ್ಮ ಪ್ರಬಂಧದ ಒಳಗೆ ಅವು ಬರಬೇಕಿಲ್ಲ. ಬಿಡುವುದಕ್ಕೆ ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಬೇರೆ ಪುಸ್ತಕದಲ್ಲಿ ‘ಮುಂದಕ್ಕೆ’ ಎಂದು ಬರೆದಿಡಿ. ಆಗ ಕೈಬಿಡುವುದು ಸುಲಭವಾಗುತ್ತದೆ.

ನಾನು ಎಂ.ಎ. ಮಾಡುವಾಗ ‘ಮೈಸೂರು ನಗರದ ಬೆಳವಣಿಗೆ’ ಎಂದು ಬರೆಯಲು ಹೊರಟಿದ್ದೆ. ಎರಡು ತಿಂಗಳು ಗೆಜೆಟಿಯರ್ ನಕಲು ಮಾಡಿದ್ದೇ ಆಯಿತು. ಒಂದು ದಿನ ಓದುತ್ತಾ, ಮೈಸೂರಿನಲ್ಲಿ ಊರಿನ ಸುಧಾರಣೆಗೆಂದೇ 1903ರಲ್ಲಿ ಒಂದು ಟ್ರಸ್ಟ್ ಬೋರ್ಡ್ ಮಾಡಿದರು ಎಂಬ ಸಾಲು ಸಿಕ್ಕಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಊರಿಗೆ ಪ್ಲೇಗ್ ಬಂದಿತ್ತು. ಕೋಟೆಯ ಒತ್ತೊತ್ತಾದ ಬೀದಿಗಳಿಂದ ಎತ್ತಿಸಿದ ಜನರನ್ನು ಎಲ್ಲಿ ಕೂರಿಸಿದರು, ಹೊಸ ಬಡಾವಣೆಯಲ್ಲಿ ಯಾರ ಪಕ್ಕ ಯಾರಿಗೆ ನಿವೇಶನ ಸಿಕ್ಕಿತು ಎಂದು ತಿಳಿಯುವ ಆಸೆ ಹುಟ್ಟಿತು. ಅವತ್ತಿನಿಂದ ಓದುವ ರೀತಿಯೇ ಬದಲಾಯಿತು. ಅದುವರೆಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಆಮೇಲೆ ಯಾವ ಪುಟ ಬೇಕು, ಯಾವುದು ಬೇಡ ಎಂದು ಗೊತ್ತಾಗತೊಡಗಿತು. ಪ್ರಶ್ನೆ ಸಿಕ್ಕಿದೆಯೋ ಇಲ್ಲವೋ ಎಂದು ಇದರಿಂದಲೇ ತಿಳಿಯಬಹುದು. ಒಂದು ಪುಟ ತೋರಿಸಿ ‘ಇದು ನನಗೆ ಬೇಡ’ ಎಂದು ಹೇಳಲು ನಿಮಗೆ ಬರುತ್ತಿದ್ದರೆ ಪ್ರಶ್ನೆ ಸಿಕ್ಕಿದೆ.

ಇನ್ನು ಬೇಲಿ ಹಾಕುವ ಕೆಲಸ. ಜಾಗ, ಕಾಲ, ಜನ ಈ ಮೂರಕ್ಕೆ ಬೇಲಿ ಬೇಕು. ಬೇಲಿ ಎಲ್ಲಿ ಹಾಕಿದಿರಿ ಎನ್ನುವುದಕ್ಕಿಂತ ಯಾಕೆ ಅಲ್ಲೇ ಹಾಕಿದಿರಿ ಎನ್ನುವುದನ್ನು ಪರೀಕ್ಷಕರು ಕೇಳುತ್ತಾರೆ.

ಜಾಗ ನಿಮ್ಮೂರೇ ಆಗಲಿ. ಆದರೆ ‘ನಮ್ಮೂರು, ಅದಕ್ಕೆ’ ಎಂದರೆ ಸಾಲದು. ನಿಮ್ಮ ಊರು ನಾಲೆಯ ಯಾವ ಭಾಗದಲ್ಲಿದೆ ನೋಡಿ. ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೆ ಭಾಗದ ಊರುಗಳಿವೆ, ಅಲ್ಲಿಗೆ ನೀರು ತಲುಪುವುದೇ ಕಷ್ಟ. ನೀರು ಖಾತ್ರಿ ಇಲ್ಲದ ಊರಿನವರು ಕಬ್ಬನ್ನು ಬೇಗ ಕಡಿದು ಆಲೆಮನೆಗೆ ಕೊಡುತ್ತಾರೋ ಏನೋ. ಹಾಗಿದ್ದರೆ ನಿಮ್ಮೂರನ್ನು ಆರಿಸಿದ್ದಕ್ಕೆ ಕಾರಣ ಸಿಕ್ಕ ಹಾಗಾಯಿತು. ನಾಲೆಯ ಮೇಲ್ಭಾಗದ ಇನ್ನೊಂದು ಊರನ್ನೂ ಪಕ್ಕದಲ್ಲಿಟ್ಟು ನೋಡಬೇಕು ಎಂದು ಆಸೆಯಾಗುತ್ತದೆ. ನಾಲ್ಕು ತಿಂಗಳಲ್ಲಿ ಅದು ಆಗುವುದಿಲ್ಲ. ಎಪ್‌ಸ್ಟೀನ್ ಅವರಿಗೆ ಎರಡು ವರ್ಷ ಇತ್ತು. ಅದು ನಿಮ್ಮ ಪಿಎಚ್.ಡಿ.ಗೆ ಇರಲಿ.

ಕಾಲಕ್ಕೆ ಎರಡು ಹಂಗಾಮು ಸಾಕು. ಜನರಿಗೆ ನೆನಪಿರುವುದು ಅಷ್ಟೇ. ಐದು ವರ್ಷದ ಹಿಂದೆ ಎಷ್ಟು ಟನ್ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅವರು ಅಂದಾಜು ಹೇಳುತ್ತಾರೆ. ನೀವು ಅದನ್ನು ಅಂಕಿ ಎಂದು ಬರೆದುಕೊಳ್ಳುತ್ತೀರಿ. ಅದು ತಪ್ಪು ದಾರಿ.

ಜನರ ವಿಷಯಕ್ಕೆ ಕೂಡಿಸಿ ಕಳೆದು ನೋಡಿ. ಒಂದು ಮನೆಯಲ್ಲಿ ಒಂದು ಗಂಟೆ ಮಾತಾಡಿದರೆ ಅದನ್ನು ಸರಿಯಾಗಿ ಬರೆದುಕೊಳ್ಳಲು ನಾಲ್ಕು ಗಂಟೆ ಬೇಕು. 25 ಮನೆ ಎಂದರೆ 125 ಗಂಟೆ. ಹಾಸ್ಟೆಲ್‌ನಿಂದ ಶನಿವಾರ, ಭಾನುವಾರ ಊರಿಗೆ ಹೋಗಿ ಬಂದು ಮಾಡುವವರಿಗೆ ಅದೇ ಎರಡು ತಿಂಗಳ ಕೆಲಸ. ಪ್ರಶ್ನಾವಳಿ ಹಿಡಿದು 200 ಮನೆ ಸುತ್ತುತ್ತೇನೆ ಎನ್ನಬೇಡಿ. 200 ಮನೆಯವರು ‘ಹೌದು’, ‘ಇಲ್ಲ’ ಎಂದದ್ದಕ್ಕಿಂತ 25 ಮನೆಯವರು ಕೂತು ಹೇಳಿದ ಕಾರಣಗಳು ನಿಮ್ಮ ಪ್ರಶ್ನೆಗೆ ಬೇಕು. ಆ 25ರಲ್ಲಿ ಬರೀ ಫ್ಯಾಕ್ಟರಿಗೆ ಹಾಕುವವರು, ಬರೀ ಆಲೆಮನೆಗೆ ಕೊಡುವವರು, ನಿಮ್ಮ ಅಪ್ಪನ ಹಾಗೆ ಎರಡೂ ಕಡೆ ಕೊಡುವವರು, ಮೂರು ಥರದವರೂ ಇರಲಿ. ಹೆಂಗಸರೊಂದಿಗೆ ಬೇರೆಯಾಗಿ ಮಾತಾಡಿ. ಜಗಲಿಯ ಮೇಲೆ ಗಂಡಸರ ಎದುರಿಗೆ ಅವರು ಹೇಳುವುದು ಒಂದು, ಹಿತ್ತಲಲ್ಲಿ ಹೇಳುವುದು ಇನ್ನೊಂದು.

ಅತಿಯಾಗಿ ಕಿರಿದಾಗುವುದೂ ಇದೆ. ‘ನಮ್ಮೂರಿನಲ್ಲಿ ಎಷ್ಟು ಆಲೆಮನೆಗಳಿವೆ?’ ಎಂದರೆ ಒಂದು ಬೆಳಗಿನ ಓಡಾಟಕ್ಕೆ ಮುಗಿಯುತ್ತದೆ. ‘ಆಲೆಮನೆಯವರು ಮುಂಗಡ ಕೊಡುತ್ತಾರೆಯೇ?’ ಎಂದರೆ ಒಂದು ಫೋನ್ ಸಾಕು. ಒಂದೇ ಮಾತಿನಲ್ಲಿ ಉತ್ತರ ಸಿಗುವುದಾದರೆ ನೀವು ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ಇಬ್ಬರು ಬುದ್ಧಿವಂತರು ಅದೇ ಸಾಮಗ್ರಿ ನೋಡಿ ಎರಡು ಬೇರೆ ಉತ್ತರ ಕೊಡಬಹುದು ಎನ್ನಿಸಿದಲ್ಲಿ ನಿಲ್ಲಿಸಿ. ನೀವು ಕೇಳಿದ ‘ಎಲ್ಲಿ’ಗೆ ನನ್ನ ಉತ್ತರ ಅದು.

ಯಾರಾದರೂ ಈಗಾಗಲೇ ಬರೆದಿದ್ದಾರೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತವೆ. ಹುಡುಕುವಾಗ ಆಲೆಮನೆ, ಬೆಲ್ಲ ಎಂದಷ್ಟೇ ಹಾಕಿದರೆ ಹೆಚ್ಚು ಸಿಗುವುದಿಲ್ಲ. ಜಾಗರಿ, ಗುರ್ ಎಂಬ ಪದಗಳನ್ನು ಇಂಗ್ಲಿಷ್‌ನಲ್ಲಿ ಹಾಕಿ. ಉತ್ತರ ಪ್ರದೇಶ, ಮಹಾರಾಷ್ಟ್ರದ ಬೆಲ್ಲದ ಮೇಲೆ ಆದ ಕೆಲಸವೂ ಕಣ್ಣಿಗೆ ಬೀಳುತ್ತದೆ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಹಳೆಯ ಪ್ರಬಂಧಗಳ ಕಪಾಟಿನ ಮುಂದೆ ಒಂದು ಮಧ್ಯಾಹ್ನ ಕಳೆಯಿರಿ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಕಬ್ಬಿನ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ, ತಳಿ ಮತ್ತು ಬೇಸಾಯದ ಮಾತು ಅಲ್ಲಿ ಕೇಳಬಹುದು. ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ಆವಕ, ಧಾರಣೆಯ ದಾಖಲೆ ಇರುತ್ತದೆ. ಅಚ್ಚು ಬೆಲ್ಲಕ್ಕೆ ಒಂದು ಧಾರಣೆ, ಬಕೆಟ್ ಬೆಲ್ಲಕ್ಕೆ ಇನ್ನೊಂದು. ನಿಮ್ಮ ಊರಿನವರು ಕಬ್ಬನ್ನು ಆಲೆಮನೆಗೆ ತಿರುಗಿಸಿದ ವಾರಗಳಲ್ಲಿ ಧಾರಣೆ ನಿಜವಾಗಿ ಏರಿತ್ತೋ ಎಂದು ಹೋಲಿಸಿ ನೋಡಲು ಇದು ಸಾಕು. ಊರಿನ ಮನೆ, ಜನರ ಲೆಕ್ಕಕ್ಕೆ 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಹಳ್ಳಿವಾರು ಅಂಕಿಗಳಿವೆ.

ನಿಮ್ಮದೇ ವಿಷಯದ ಮೇಲೆ ಯಾರೋ ಬರೆದಿರುವುದು ಕಂಡರೆ ಎದೆ ಧಸಕ್ ಎನ್ನುತ್ತದೆ. ಹೆದರಬೇಡಿ. ಅವರು ಎಲ್ಲಿ ನಿಲ್ಲಿಸಿದರು ಎಂದು ಕೊನೆಯ ಅಧ್ಯಾಯ ಓದಿ. ಎಪ್‌ಸ್ಟೀನ್ 1970ರಲ್ಲಿ ಅದೇ ಎರಡು ಹಳ್ಳಿಗಳಿಗೆ ಮತ್ತೆ ಬಂದರು. ತಾವೇ ಬರೆದದ್ದನ್ನು ತಾವೇ ಇನ್ನೊಮ್ಮೆ ಪರೀಕ್ಷೆ ಮಾಡಿದರು. ಒಂದು ವಿಷಯದ ಮೇಲೆ ಒಬ್ಬರು ಬರೆದರೆ ಅದು ಅವರ ಸ್ವತ್ತಾಗುವುದಿಲ್ಲ.

ನಿಮ್ಮ ಸ್ವಂತ ಊರಲ್ಲಿ ಕೆಲಸ ಮಾಡುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮಗೆ ದೊಡ್ಡ ಅನುಕೂಲ ಇದೆ. ಭಾಷೆ ಗೊತ್ತು, ಯಾರ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕು ಎಂದು ಗೊತ್ತು. ಹೊರಗಿನವರಿಗೆ ಮೂರು ತಿಂಗಳು ಹಿಡಿಯುವುದು ನಿಮಗೆ ಮೊದಲ ದಿನವೇ ಸಿಗುತ್ತದೆ. ಆದರೆ ಕೆಲವರು ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ನಿಮ್ಮ ಅಪ್ಪನ ಎದುರು ಸಾಲದ ಮಾತು ಆಡದವರು ನಿಮ್ಮೆದುರೂ ಆಡುವುದಿಲ್ಲ. ನಿಮ್ಮ ಮನೆಗೂ ಇನ್ನೊಂದು ಮನೆಗೂ ಬದುವಿನ ಜಗಳ ಇದ್ದರೆ ಆ ಮನೆಯ ಬಾಗಿಲು ನಿಮಗೆ ತೆರೆಯದೆ ಹೋಗಬಹುದು. ನಿಮ್ಮ ಜಾತಿಯವರಲ್ಲದವರು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ದುಡಿಯುವ ಕೂಲಿಯವರು, ನಿಮ್ಮನ್ನು ಗದ್ದೆ ಇರುವವರ ಮಗಳು ಎಂದೇ ನೋಡುತ್ತಾರೆ. ಇದನ್ನೆಲ್ಲ ಮುಚ್ಚಿಡಬೇಡಿ. ಪ್ರಬಂಧದಲ್ಲೇ ಒಂದು ಪುಟ ಬರೆಯಿರಿ. ಇದರಿಂದ ಅದರ ಬೆಲೆ ಹೆಚ್ಚುತ್ತದೆ.

ಮಾತಾಡುವ ಮೊದಲು ಯಾಕೆ ಕೇಳುತ್ತಿದ್ದೀರಿ ಎಂದು ಎಲ್ಲರಿಗೂ ಬಿಡಿಸಿ ಹೇಳಿ, ಒಪ್ಪಿಗೆ ಪಡೆಯಿರಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಅದಕ್ಕೂ ಕೇಳಿ. ಹೆಸರುಗಳನ್ನು ಬದಲಿಸಿ. ಶ್ರೀನಿವಾಸ್, ಎಪ್‌ಸ್ಟೀನ್ ಇಬ್ಬರೂ ಊರಿನ ಹೆಸರನ್ನೇ ಮರೆ ಮಾಡಿದ್ದು ಸುಮ್ನೆ ಅಲ್ಲ. ಫ್ಯಾಕ್ಟರಿಗೆ ಒಪ್ಪಿಗೆ ಮಾಡಿಕೊಂಡು ಕಬ್ಬನ್ನು ಆಲೆಮನೆಗೆ ಕೊಟ್ಟೆ ಎಂದು ಒಬ್ಬರು ನಿಮ್ಮನ್ನು ನಂಬಿ ಹೇಳಿದರೆ, ಅದು ಅವರಿಗೆ ತೊಂದರೆ ತರಬಾರದು. ನಿಮ್ಮ ಅಪ್ಪನ ವಿಷಯದಲ್ಲೂ ಅಷ್ಟೇ. ಮಗಳೇ ಆದರೂ ಕೇಳಿಯೇ ಬರೆಯಿರಿ.

ಇನ್ನೊಂದು ಸಲ ಶ್ರೀನಿವಾಸ್ ಅವರನ್ನು ನೆನೆಯಬೇಕು. ರಾಮಪುರದಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಪರಿಷ್ಕರಿಸಿ ಇಟ್ಟುಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ಅವೆಲ್ಲ ಸುಟ್ಟುಹೋದವು. ಆಮೇಲೆ ಆ ಹಳ್ಳಿಯ ಬಗ್ಗೆ ನೆನಪಿನಿಂದಲೇ ಬರೆದರು. ಅವರಿಗೆ ಆ ಊರು ಅಷ್ಟು ಒಳಗೆ ಇಳಿದಿತ್ತು. ನಮ್ಮಂಥವರಿಗೆ ಅದು ಆಗದು. ಬರೆದದ್ದನ್ನೆಲ್ಲ ಅದೇ ದಿನ ಎರಡು ಕಡೆ ಉಳಿಸಿಡಿ.

ಮುಂದಿನ ಸಲ ಗೈಡ್ ಹತ್ತಿರ ಹೋಗುವಾಗ ಬರೀ ಶೀರ್ಷಿಕೆ ಹಿಡಿದು ಹೋಗಬೇಡಿ. ಶೀರ್ಷಿಕೆ ಕೊನೆಗೆ ಬರಲಿ. ಒಂದು ಪುಟ ಬರೆದುಕೊಂಡು ಹೋಗಿ. ಅದರಲ್ಲಿ ಈ ಥರ ಇರಲಿ: ‘ಮದ್ದೂರು ತಾಲ್ಲೂಕಿನ ನಾಲೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ, ಕಳೆದ ಎರಡು ಹಂಗಾಮುಗಳಲ್ಲಿ, ಸಣ್ಣ ಹಿಡುವಳಿಯ ಮನೆಗಳು ಕಬ್ಬನ್ನು ಫ್ಯಾಕ್ಟರಿಗೂ ಆಲೆಮನೆಗೂ ಹೇಗೆ ಹಂಚುತ್ತವೆ ಎಂದು ನೋಡುತ್ತೇನೆ. ಈ ತೀರ್ಮಾನದಲ್ಲಿ ಬೆಲೆಯ ಜೊತೆಗೆ ನೆಂಟಸ್ತಿಕೆ, ಮುಂಗಡ ಮತ್ತು ಮನೆಯ ಹೆಂಗಸರ ಮಾತು ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಿದೆ. ಕಾನೂನಿನ ಬೆಲೆ ಇರುವ ದಾರಿಯನ್ನು ಬಿಟ್ಟು ಜನ ಇನ್ನೊಂದು ದಾರಿ ಹಿಡಿಯುವುದು ಯಾಕೆ ಎಂಬ ದೊಡ್ಡ ಪ್ರಶ್ನೆಗೆ ಇದರಿಂದ ಸ್ವಲ್ಪ ಬೆಳಕು ಸಿಗಬಹುದು.’ ಅದರ ಕೆಳಗೆ ಯಾರನ್ನು ಮಾತಾಡಿಸುತ್ತೀರಿ, ಯಾವ ದಾಖಲೆ ನೋಡುತ್ತೀರಿ, ಯಾವ ವಾರ ಯಾವ ಕೆಲಸ ಎಂದು ಬರೆಯಿರಿ. ಕೊನೆಯ ಐದು ವಾರ ಬರವಣಿಗೆಗೇ ಇರಲಿ.

ಇದು ನಾನು ನಿಮ್ಮ ಪತ್ರ ಓದಿ ಕಟ್ಟಿದ ವಾಕ್ಯ. ಹಾಗೇ ನಕಲು ಮಾಡಬೇಡಿ. ಮುಂದಿನ ವಾರ ಊರಿಗೆ ಹೋದಾಗ ಎರಡು ದಿನ ಆಲೆಮನೆಯಲ್ಲಿ ಸುಮ್ನೆ ಕೂತು ನೋಡಿ. ಯಾರು ಬರುತ್ತಾರೆ, ಬೆಲೆಯ ಮಾತು ಹೇಗೆ ಶುರುವಾಗುತ್ತದೆ, ಚೀಟಿ ಬರೆಯುವವರು ಯಾರು ಎಂದು ಗಮನಿಸಿ. ನೆಂಟಸ್ತಿಕೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಕಂಡರೆ ನನ್ನ ವಾಕ್ಯದಿಂದ ಅದನ್ನು ಹೊಡೆದುಹಾಕಿ. ಕಟಾವಿಗೆ ಆಳು ಸಿಗದಿರುವುದೇ ನಿಜವಾದ ಕಾರಣ ಎಂದು ಕಂಡರೆ ಅದನ್ನು ಸೇರಿಸಿ. ಪ್ರಶ್ನೆ ದಾರಿಯಲ್ಲಿ ತಿರುಗುವುದು ಸಹಜ, ಎರಡನೇ ತಿಂಗಳ ಕೊನೆಯವರೆಗೂ ತಿರುಗಲಿ. ಆಮೇಲೆ ಮಾತ್ರ ಅದನ್ನು ಅಲ್ಲಾಡಿಸಬೇಡಿ.

ಮತ್ತೆ, ದಾಖಲೆ ಏನೂ ಇಲ್ಲ ಎಂದು ಬರೆದಿದ್ದೀರಿ. ಅಪ್ಪ ತಂತಿಗೆ ಚುಚ್ಚಿಟ್ಟ ಆ ಚೀಟಿಗಳಲ್ಲಿ ತಾರೀಖು ಇದೆ, ತೂಕ ಇದೆ. ಯಾವ ತಿಂಗಳು ಎಷ್ಟು ಕಬ್ಬು ಎಲ್ಲಿಗೆ ಹೋಯಿತು ಎಂದು ಯಾವ ಕಚೇರಿಯಲ್ಲೂ ಸಿಗದ ಲೆಕ್ಕ ಅದು. ನಿಮ್ಮೂರಿನ ಬೇರೆ ಮನೆಗಳಲ್ಲೂ ಅಂಥ ತಂತಿಗಳಿರುತ್ತವೆ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಅವನ್ನು ಒಲೆಗೆ ಹಾಕಿಬಿಡುತ್ತಾರೆ. ಇವತ್ತೇ ಮನೆಗೆ ಫೋನ್ ಮಾಡಿ, ತೆಗೆದಿಡಲು ಹೇಳಿ.